ಪಡೆದವರ ಸಹಿ

ಡೀಘಲ್ ಊರು ದಾಟಿ ಎರಡು ಮೈಲಿ ಬಂದಿರಬಹುದು, ಹಿಂದಿನಿಂದ ಯಾರೋ ಬೆನ್ನು ಹಿಡಿದು ಬರುತ್ತಿದ್ದಾರೆ ಅಂತ ಗುಂಡಣ್ಣನಿಗೆ ಅನ್ನಿಸತೊಡಗಿತು. ತಿರುಗಿ ನೋಡಲಿಲ್ಲ. ನೋಡಿದರೆ ತಾನು ಹೆದರಿದ್ದು ಹಿಂದಿನವನಿಗೆ ಗೊತ್ತಾಗಿಬಿಡುತ್ತದೆ. ಪೆಡಲಿನ ಮೇಲೆ ಕಾಲು ಸಡಿಲ ಬಿಟ್ಟ. ಹಿಂದಿನ ಸದ್ದೂ ನಿಧಾನವಾಯಿತು. ಒತ್ತಿ ತುಳಿದ, ಅದೂ ಒತ್ತಿಕೊಂಡು ಬಂತು. ತಗಡಿಗೆ ತಗಡು ತಾಕುವ ಸದ್ದು, ಜೊತೆಗೆ ಎಣ್ಣೆ ಕಾಣದ ಚೈನಿನ ಕಿರಕಿರ. ಬೆಳಿಗ್ಗೆ ಐದೂವರೆಗೆ ರೋಹ್ತಕ್ಕಿನ ಧರ್ಮಶಾಲೆಯಿಂದ ಹೊರಟಾಗ ಗೇಟಿನ ಹತ್ತಿರ ಹಲ್ಲುಜ್ಜುತ್ತ ನಿಂತಿದ್ದವನೊಬ್ಬ ಕ್ಯಾರಿಯರಿಗೆ ಕಟ್ಟಿದ್ದ ಚೀಲವನ್ನೇ ನೋಡಿದ್ದ. ಅವನೇ ಇರಬೇಕು. ಅವನಲ್ಲದಿದ್ದರೆ ಅವನು ಹೇಳಿ ಕಳಿಸಿದವನು. ಅರವತ್ತೆರಡು ವರ್ಷದ ಮುದುಕ, ಕರೀ ಬಣ್ಣದ ಹಳೇ ಸೈಕಲ್ಲು, ಇದರಲ್ಲಿ ಯಾರಿಗೆ ಏನು ಸಿಗಬೇಕು ಅಂತ ತನ್ನನ್ನೇ ಕೇಳಿಕೊಂಡ. ಆದರೆ ಆ ವರ್ಷ ಹಾಗೆ ಕೇಳಿಕೊಂಡು ಸುಮ್ಮನಿರುವ ಹಾಗಿರಲಿಲ್ಲ. ಬೇಸಿಗೆಯಲ್ಲಿ ಜೈಪುರದಲ್ಲಿ ಸೈಕಲ್ಲುಗಳಿಗೇ ಬಾಂಬು ಕಟ್ಟಿ ನಿಲ್ಲಿಸಿದ್ದರು. ಮೊನ್ನೆ ಸೆಪ್ಟೆಂಬರಿನಲ್ಲಿ ದಿಲ್ಲಿಯಲ್ಲೂ ಸಿಡಿದವು. ಅಂದಿನಿಂದ ಎಲ್ಲಾದರೂ ಸೈಕಲ್ ನಿಲ್ಲಿಸಿ ಚಹಾ ಕುಡಿಯೋಣ ಅಂದರೆ ಜನ ಮೊದಲು ಸೈಕಲ್ ನೋಡುತ್ತಿದ್ದರು, ಆಮೇಲೆ ಚೀಲ, ಆಮೇಲೆ ಮುಖ.

ಹಿಂದಿನವನು ಪಕ್ಕಕ್ಕೇ ಬಂದ. ಎರಡು ಕಡೆ ಹಾಲಿನ ಕ್ಯಾನು ಕಟ್ಟಿಕೊಂಡ ಸೈಕಲ್ಲು, ತಲೆಗೆ ಮಫ್ಲರು. ರಾಮ್ ರಾಮ್ ತಾಊ, ಅಂದ; ಆ ಕಡೆಯವರು ವಯಸ್ಸಾದವರನ್ನೆಲ್ಲ ದೊಡ್ಡಪ್ಪ ಅಂತಲೇ ಕರೆಯುವುದು. ಒಬ್ಬನೇ ತುಳಿದು ಬೇಜಾರಾಗಿತ್ತು, ಮಾತಿಗೊಬ್ಬರು ಸಿಕ್ಕರು ಅಂತ ಜೊತೆ ಹಿಡಿದೆ ಅಂದ. ಎಲ್ಲಿಂದ ಬರ್ತಿದೀರಿ ಅಂತ ಕೇಳಿದ. ಇಲ್ಲೇ, ಹಿಂದಿನ ಊರಿಂದ, ಅಂದುಬಿಟ್ಟ ಗುಂಡಣ್ಣ. ಯಾಕೆ ಅಂದನೋ. ಹಾಲಿನವನು ಹಿಂದಿನ ಊರಿನವನೇ. ಅವನು ಒಂದು ಗಳಿಗೆ ಮುಖ ನೋಡಿದ, ಅಚ್ಛಾ ಅಂದ, ಮುಂದಿನ ತಿರುವಿನಲ್ಲಿ ಹೊಲದ ದಾರಿಗೆ ಇಳಿದುಹೋದ. ಕ್ಯಾನಿನ ಸದ್ದು ಸಾಸಿವೆ ಹೊಲದ ಕಡೆ ಕರಗುವ ತನಕ ಗುಂಡಣ್ಣ ಒಂದು ಕಾಲು ನೆಲಕ್ಕೂರಿ ನಿಂತ. ನಿಜ ಹೇಳಿದ್ದರೆ ಏನು ಹೋಗುತ್ತಿತ್ತು? ಗಾಜಿಯಾಬಾದಿನವನು, ದಿಲ್ಲಿಯನ್ನು ಒಂದು ಸುತ್ತು ಹಾಕುತ್ತಿದ್ದೇನೆ, ಬಾಗ್ಪತ್, ಸೋನಿಪತ್, ರೋಹ್ತಕ್ ಆಯಿತು, ಇವತ್ತು ಮೂರನೇ ದಿನ, ಸಂಜೆಗೆ ಗುಡಗಾಂವ್, ನಾಳೆ ಫರೀದಾಬಾದ್, ನಾಡಿದ್ದು ಮನೆ. ಬಾಯಿಪಾಠ ಇದ್ದ ಮಾತು. ಸುಳ್ಳು ಮಾತ್ರ ತಾನಾಗಿಯೇ ಬಂತು, ಕೇಳುವ ಮೊದಲೇ ನಾಲಗೆಯ ಮೇಲೆ ಕೂತಿದ್ದ ಹಾಗೆ.

ಈ ಸುತ್ತು ಯಾಕೆ ಅಂತ ಹೆಂಡತಿ ಸುಶೀಲಾ ಕೇಳಿದ್ದಳು. ಮೂವತ್ತೆಂಟು ವರ್ಷ ಸರಕಾರದ ಸೈಕಲ್ ತುಳಿದೆ, ಈ ಭವನದಿಂದ ಆ ಭವನಕ್ಕೆ, ಇನ್ನೊಬ್ಬರ ಕಾಗದ ಹೊತ್ತು. ಒಂದು ಸಲ ನನ್ನದೇ ಸೈಕಲ್ಲಿನಲ್ಲಿ ನನಗೆ ಬೇಕಾದ ಕಡೆ ಹೋಗಿ ಬರುತ್ತೇನೆ ಅಂದಿದ್ದ. ಅವಳು ಚಪಾತಿ ಕಟ್ಟಿಕೊಡುತ್ತ, ಇದು ಹೊಟ್ಟೆಯೊಳಗಿನ ಮಾತಲ್ಲ, ಹೋಗಿ ಬನ್ನಿ, ಬಂದ ಮೇಲೆ ಹೇಳೋರಂತೆ ಅಂದಳು. ಅವಳಿಗೂ ಅನುಮಾನ. ಕರೋಲ್ ಬಾಗಿನ ಇಡ್ಲಿ ಹೋಟೆಲ್ಲಿನಲ್ಲಿ ಭಾನುವಾರ ಸಂಜೆ ಸೇರುವ ನಮ್ಮ ಕನ್ನಡದ ಕಡೆಯ ರಿಟೈರಾದವರು ಈ ಸುದ್ದಿ ಕೇಳಿ ನಕ್ಕಿದ್ದರು. ಬಾಗ್ಪತ್ತಿಗೆ ಹೋಗಿ ಬಸ್ಸಿನ ಮೇಲೆ ಸೈಕಲ್ ಹಾಕ್ಕೊಂಡು ಬಂದರೆ ಯಾರಿಗೆ ಗೊತ್ತಾಗುತ್ತೆ ಅಂದ ಒಬ್ಬ. ಆಗ ಮಹಂತೇಶ್, ಸೆಕ್ಷನ್ ಆಫೀಸರಾಗಿ ನಿವೃತ್ತಿಯಾದವರು, ಕಾಫಿ ಲೋಟ ಕೆಳಗಿಟ್ಟು ಹೇಳಿದರು:

"ಊರೂರಲ್ಲಿ ಸಹಿ ಹಾಕಿಸ್ಕೊಂಡು ಬಾ ಗುಂಡಣ್ಣ. ಬೇರೆಯವರ ಹತ್ರ ಹಾಕಿಸ್ಬೇಕು ಮತ್ತೆ."

ಎಲ್ಲರೂ ನಕ್ಕರು, ಗುಂಡಣ್ಣನೂ ನಕ್ಕ. ಆ 'ಮತ್ತೆ' ಮಾತ್ರ ಅಂದಿನಿಂದ ಅವನ ಒಳಗೆ ಸೇರಿಕೊಂಡು ಕೂತಿತ್ತು. ಹಾಗೆ ಅಂದವರು ಸುಮ್ಮನಾದರೂ ಆಗಬೇಕಿತ್ತು. ಇಲ್ಲ, ಜೇಬಿನಿಂದ ಮೊಬೈಲ್ ತೆಗೆದು, ಗುಡಗಾಂವಿನಲ್ಲಿ ಉಳಿಯೋದಕ್ಕೆ ಜಾಗ ಬೇಕಲ್ಲ, ವೆಂಕಟಸುಬ್ಬಯ್ಯನವರ ಮನೆಯವರು ಅಲ್ಲೇ ಇದ್ದಾರೆ, ಮಗಳು ಸ್ಕೂಲಿನಲ್ಲಿ ಟೀಚರು, ಅಂತ ಅಲ್ಲೇ ಫೋನು ಮಾಡಿಬಿಟ್ಟರು. ಅತ್ತ ವೆಂಕಟಸುಬ್ಬಯ್ಯನವರ ಹೆಂಡತಿ ಮನೋರಮಾ ಬಹಳ ಸಂತೋಷಪಟ್ಟರಂತೆ. ಬೇರೆ ಯಾರ ಮನೆಯೂ ಗುಡಗಾಂವಿನಲ್ಲಿ ಇರಲಿಲ್ಲವೇ? ಕೊಡಗಿನ ಚಿಣ್ಣಪ್ಪನವರು ಮಿಲಿಟರಿಯಿಂದ ಬಂದು ಅಲ್ಲೇ ಮನೆ ಕಟ್ಟಿಸಿದ್ದಾರಲ್ಲ. ಇಷ್ಟು ಜನರಲ್ಲಿ ಆ ಒಂದು ಮನೆ ಮಹಂತೇಶರಿಗೆ ಯಾಕೆ ಹೊಳೆಯಿತು? ಜಝ್ಝರಿನ ಬಿಸಿಲಿನಲ್ಲಿ ಬೆವರು ಕಣ್ಣಿಗಿಳಿಯುತ್ತಿದ್ದಾಗಲೂ ಗುಂಡಣ್ಣ ಅದನ್ನೇ ತಿರುವಿ ಹಾಕುತ್ತಿದ್ದ. ಗೊತ್ತಿದ್ದೇ ಕಳಿಸಿದ್ದಾರೆ. ಗೊತ್ತಿಲ್ಲದಿದ್ದರೂ ಗೊತ್ತಾಗಲಿ ಅಂತ ಕಳಿಸಿದ್ದಾರೆ.

ಚೀಲದಲ್ಲಿದ್ದ ಪುಸ್ತಕ ಆಫೀಸಿನ ಹಳೇ ಪ್ಯೂನ್ ಬುಕ್ಕೇ, ಬರೆಯದೆ ಉಳಿದಿದ್ದು. ಕೆಂಪು ಬಟ್ಟೆಯ ಬೆನ್ನು, ಒಳಗೆ ಗೆರೆ ಎಳೆದ ಮನೆಗಳು: ತಾರೀಖು, ಯಾರಿಗೆ, ಪಡೆದವರ ಸಹಿ. ಕಾಗದ ಕೊಟ್ಟರೆ ಸಾಲದು, ಪಡೆದವನು ಆ ಮನೆಯೊಳಗೆ ಸಹಿ ಹಾಕಿದರೇ ಕೊಟ್ಟ ಹಾಗೆ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಗುಂಡಣ್ಣನಿಗೆ ಇಂಗ್ಲಿಷ್ ಓದಲು ಬಾರದು, ಆದರೆ ದಿಲ್ಲಿಯ ಅರ್ಧ ಭವನಗಳ ಗುಮಾಸ್ತರ ಸಹಿಗಳು ಅವನಿಗೆ ಮುಖಗಳ ಹಾಗೆ ಗೊತ್ತಿದ್ದವು. ಕುಂಟುವ ಸಹಿ, ಹೊಟ್ಟೆ ಬಿಟ್ಟುಕೊಂಡ ಸಹಿ, ಹೆಂಡತಿಯ ಜೊತೆ ಜಗಳವಾಡಿ ಬಂದ ದಿನದ ಸಹಿ. ವೆಂಕಟಸುಬ್ಬಯ್ಯನವರದು ಹದ್ದು ರೆಕ್ಕೆ ಬಿಚ್ಚಿದ ಹಾಗೆ ಒಂದು ದೊಡ್ಡ ಎಳೆತ, ಅದರ ಕೆಳಗೆ ಸಣ್ಣ ಎರಡು ಚುಕ್ಕಿ. ದಿಲ್ಲಿಯಲ್ಲಿ ಏಷ್ಯಾಡ್ ಆಟಗಳು ನಡೆದ ವರ್ಷ, ಎಂಬತ್ತೆರಡರ ನವೆಂಬರು ಅದು. ಮರುದಿನ ಬೆಳಗಿನ ಮೀಟಿಂಗಿಗೆ ಬೇಕಾದ ಅರ್ಜೆಂಟು ಲಕೋಟೆ ಕ್ಯಾರಿಯರಿನಲ್ಲಿತ್ತು, ಸಂಜೆ ಐದರ ಒಳಗೆ ಮುಟ್ಟಿಸಬೇಕು. ಇಂಡಿಯಾ ಗೇಟಿನ ತಿರುವಿನಲ್ಲಿ ಯಾವುದೋ ಪರದೇಶದ ಆಟದ ಹುಡುಗರು ಅಭ್ಯಾಸಕ್ಕೆ ಹೊರಟಿದ್ದರು, ಆರೇಳು ಜನ, ಕಡ್ಡಿಯಂಥ ಸೈಕಲ್ಲುಗಳ ಮೇಲೆ ಬಾಗಿ, ಸದ್ದೇ ಇಲ್ಲದೆ, ನೀರು ಹರಿದ ಹಾಗೆ. ಗುಂಡಣ್ಣ ಹಿಂದೆ ಬಿದ್ದ. ಸುಮ್ಮನೆ ಒಂದು ಫರ್ಲಾಂಗು ಅಂತ. ಸರಕಾರಿ ಸೈಕಲ್ಲು ನಡುಗುತ್ತಿತ್ತು, ಎದೆ ಒಡೆಯುತ್ತಿತ್ತು. ಕಡೆಯವನು ಒಮ್ಮೆ ತಿರುಗಿ ನೋಡಿ ನಕ್ಕು, ಬಾ ಅನ್ನುವ ಹಾಗೆ ಕೈ ಬೀಸಿದ. ಮೂವತ್ತಾರು ವರ್ಷದ ಪ್ಯೂನ್ ಮನುಷ್ಯನನ್ನು ಅದಕ್ಕೆ ಮೊದಲು ಯಾರೂ ಹಾಗೆ ಕರೆದಿರಲಿಲ್ಲ. ಧೌಲಾ ಕುವಾ ದಾಟಿ ಪಾಲಂ ಕಡೆ ಎಷ್ಟು ದೂರ ಹೋದನೋ, ಅವರು ಕಣ್ಣಿಗೆ ಕಾಣದಂತಾದ ಮೇಲೆ ಒಂದು ಬೇವಿನ ಮರದ ಕೆಳಗೆ ಕೂತು ವಾಂತಿ ಮಾಡಿಕೊಂಡ. ಅಷ್ಟು ಸುಖ ಮತ್ತೆ ಬರಲಿಲ್ಲ. ಅದನ್ನು ಸುಶೀಲಾಳಿಗೂ ಹೇಳಲಿಲ್ಲ, ಯಾಕೆಂದರೆ ಆ ಸುಖದ ಬಾಲ ಹಿಡಿದರೆ ಅದರ ಹಿಂದಿದ್ದ ಇನ್ನೊಂದು ಸಂಗತಿಯೂ ಕೈಗೆ ಬರುತ್ತಿತ್ತು.

ಮಧ್ಯಾಹ್ನ ಮೂರರ ಹೊತ್ತಿಗೆ ಗುಡಗಾಂವಿನ ದಾರಿಯಲ್ಲಿ ಸಿಕ್ಕ ಒಂದು ಊರಿನ ಅಂಚೆ ಕಚೇರಿಯಲ್ಲಿ ಸಹಿ, ಮೊಹರು ಹಾಕಿಸಲು ಪುಸ್ತಕ ಒಳಗೆ ಚಾಚಿದ. ಹಿಂದಿನ ಊರುಗಳಲ್ಲಿ ನಗುತ್ತ ಹಾಕಿಕೊಟ್ಟಿದ್ದರು. ಇಲ್ಲಿನ ಗುಮಾಸ್ತ ಪುಸ್ತಕ ತಿರುಗಿಸಿ ನೋಡಿದ, ಇದು ಸರಕಾರಿ ಪುಸ್ತಕ, ನಿನ್ನ ಹತ್ತಿರ ಹೇಗೆ ಬಂತು ಅಂದ. ಗುಂಡಣ್ಣನ ಹಿಂದಿ ಮೂವತ್ತೆಂಟು ವರ್ಷದ್ದಾದರೂ ಕಾರಿಡಾರಿನ ಹಿಂದಿ; ಸಾಬ್ ಇದ್ದಾರಾ, ಕಾಗದ ತಂದಿದೀನಿ, ಇಲ್ಲಿ ಸಹಿ ಮಾಡಿ, ಇಷ್ಟರಲ್ಲಿ ಒಂದು ಉದ್ಯೋಗವೇ ಮುಗಿದಿತ್ತು. ಅದರಾಚೆಗೆ ಹೋದರೆ ಮಾತು ಎಡವುತ್ತಿತ್ತು. ಅವನು ಎಡವಿದಷ್ಟೂ ಗುಮಾಸ್ತನ ಕಣ್ಣು ಕಿರಿದಾಯಿತು. ಹೊರಗೆ ಸೈಕಲ್ಲಿನ ಸುತ್ತ ನಾಲ್ಕು ಜನ ದೂರ ನಿಂತು ಚೀಲ ನೋಡುತ್ತಿದ್ದರು. ಯಾರು ಕರೆದರೋ, ಹೆಡ್ ಕಾನ್‌ಸ್ಟೆಬಲ್ ಒಬ್ಬ ಬಂದ.

ಪೊಲೀಸ್ ಚೌಕಿಯ ಅಂಗಳದಲ್ಲಿ ಚೀಲವನ್ನು ಅವನ ಕೈಯಿಂದಲೇ ಬಿಚ್ಚಿಸಿದರು. ಪಂಪು, ಪಂಕ್ಚರಿನ ಡಬ್ಬಿ, ಹುರಿಗಡಲೆ, ಬದಲಿ ಧೋತರ, ಒಣಗಿದ ಎರಡು ಚಪಾತಿ, ಮಂಡಿಗೆ ಹಚ್ಚುವ ಎಣ್ಣೆ. ಒಂದೊಂದೇ ನೆಲದ ಮೇಲೆ ಸಾಲಾಗಿ ಇಟ್ಟಾಗ ಇಷ್ಟೇನಾ ನಾನು ಅನ್ನಿಸಿ ಅವನಿಗೆ ನಾಚಿಕೆಯಾಯಿತು. ಅವಮಾನದಲ್ಲೂ ಒಂದು ನೆಮ್ಮದಿ ಇತ್ತು: ಇವರು ಹುಡುಕುತ್ತಿರುವುದು ಚೀಲದಲ್ಲಿ. ಆಮೇಲೆ ಹೆಡ್ ಕಾನ್‌ಸ್ಟೆಬಲ್ ಕುರ್ಚಿಯಲ್ಲಿ ಕೂತು ಪುಸ್ತಕ ತೆಗೆದ. ಒಂದೊಂದು ಸಹಿಯ ಮೇಲೂ ಬೆರಳಿಟ್ಟು ನೋಡಿದ. ಯಾಕೆ ಈ ಸಹಿಗಳು ಅಂದ. ನಾನು ಹೋಗಿದ್ದೆ ಅಂತ ಜನ ನಂಬಬೇಕಲ್ಲ ಸಾಬ್ ಅಂದ ಗುಂಡಣ್ಣ.

"ಇದನ್ನೆಲ್ಲ ನೀನೇ ಗೀಚಿಕೊಂಡಿಲ್ಲ ಅಂತ ನಾನು ಹೇಗೆ ನಂಬಲಿ ತಾಊ?"

ಅವನು ತಮಾಷೆಗೆ ಕೇಳಿರಬಹುದು. ಆದರೆ ಇದು ಗುಂಡಣ್ಣ ಇಪ್ಪತ್ತಾರು ವರ್ಷದಿಂದ ಯಾರಾದರೊಬ್ಬರು ಕೇಳುತ್ತಾರೆ ಅಂತ ಕಾಯುತ್ತಿದ್ದ ಪ್ರಶ್ನೆ. ಹರಿಯಾಣದ ಒಂದು ಚೌಕಿಯಲ್ಲಿ, ಕಡಲೆಕಾಯಿ ಸುಲಿಯುತ್ತ ಕೂತವನೊಬ್ಬ ಕೇಳಿದ. ಅವತ್ತು ಬೇವಿನ ಮರದ ಕೆಳಗಿಂದ ಎದ್ದು ವೆಂಕಟಸುಬ್ಬಯ್ಯನವರ ಭವನಕ್ಕೆ ಬರುವಷ್ಟರಲ್ಲಿ ಆರು ದಾಟಿ ಸೆಕ್ಷನ್ನಿಗೆ ಬೀಗ ಬಿದ್ದಿತ್ತು. ಪುಸ್ತಕವನ್ನು ರಾತ್ರಿಯೊಳಗೆ ತನ್ನ ಆಫೀಸಿಗೆ ಒಪ್ಪಿಸಲೇಬೇಕು. ಮೆಟ್ಟಿಲ ಮೇಲೆ ಕೂತು, ಲಕೋಟೆಯನ್ನು ಬೆಳಿಗ್ಗೆ ಮೊದಲು ಕೊಟ್ಟರಾಯಿತು ಅಂದುಕೊಂಡು, ಪುಸ್ತಕದಲ್ಲಿ ಪಡೆದವರ ಸಹಿಯ ಮನೆಯೊಳಗೆ ಹದ್ದಿನ ರೆಕ್ಕೆ ಎಳೆದ. ಒಂದೇ ಬೀಸಿಗೆ ಬಂತು. ಎರಡು ಚುಕ್ಕಿ ಇಟ್ಟ. ಅಷ್ಟು ಚೆನ್ನಾಗಿ ಬಂದದ್ದಕ್ಕೆ ಒಂದು ಕ್ಷಣ ಖುಷಿಯೂ ಆಯಿತು. ಬೆಳಿಗ್ಗೆ ಅವನು ಹೋಗುವ ಹೊತ್ತಿಗೆ ಮೀಟಿಂಗು ಶುರುವಾಗಿ, ಕಾಗದ ಎಲ್ಲಿ ಅಂತ ಕೂಗಾಟ ಎದ್ದಿತ್ತು. ಗುಂಡಣ್ಣ ಲಕೋಟೆಯನ್ನು ವೆಂಕಟಸುಬ್ಬಯ್ಯನವರ ಟ್ರೇಯಲ್ಲಿದ್ದ ಕಾಗದಗಳ ಅಡಿಗೆ ಜಾರಿಸಿ ಹೊರಗೆ ಬಂದುಬಿಟ್ಟ. ಪುಸ್ತಕದ ಪ್ರಕಾರ ಹಿಂದಿನ ದಿನವೇ ತಲುಪಿದ ಕಾಗದ ಅವರದೇ ಟ್ರೇಯಲ್ಲಿ ಸಿಕ್ಕಿತು. ವಿಚಾರಣೆಯಲ್ಲಿ ಸಾಹೇಬರು ಗುಂಡಣ್ಣನನ್ನು ನಿಲ್ಲಿಸಿ ಕೇಳಿದರು, ಇವರು ನಿನ್ನೆದುರು ಸಹಿ ಹಾಕಿದರಾ ಅಂತ. ಹೌದು ಸಾಬ್. ವೆಂಕಟಸುಬ್ಬಯ್ಯ ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಗುಂಡಣ್ಣನ ಮುಖ ನೋಡಿದರು. ಕೋಪ ಇರಲಿಲ್ಲ ಅಲ್ಲಿ. ಕೋಪ ಇದ್ದಿದ್ದರೆ ಆಗುತ್ತಿತ್ತು. ವಾರದ ಮೇಲೆ, ನಾನೇ ಹಾಕಿರಬೇಕು, ನೆನಪಿಲ್ಲ, ಅಂತ ಬರೆದುಕೊಟ್ಟರಂತೆ. ಬಡ್ತಿ ತಪ್ಪಿತು, ಬೇಸ್‌ಮೆಂಟಿನ ರೆಕಾರ್ಡ್ ರೂಮಿಗೆ ಹಾಕಿದರು. ಅಲ್ಲಿಂದಲೇ ರಿಟೈರಾದರು. ನಾಲ್ಕು ವರ್ಷದ ಹಿಂದೆ ತೀರಿಹೋದರು.

ಗುಂಡಣ್ಣನ ಪುಸ್ತಕದ ಕಡೇ ಹಾಳೆಯಲ್ಲಿದ್ದ ಮನೋರಮಾ ಅವರ ನಂಬರಿಗೆ ಹೆಡ್ ಕಾನ್‌ಸ್ಟೆಬಲ್ ಫೋನು ಮಾಡಿದ. ಇಂಥ ಮುದುಕ, ಇಂಥ ಸೈಕಲ್ಲು, ನಿಮ್ಮ ಮನೆಗೆ ಬರುತ್ತಿದ್ದೇನೆ ಅನ್ನುತ್ತಾನೆ, ಗೊತ್ತಾ ಇವನು? ಅತ್ತ ಕಡೆ ಏನೋ ದೀರ್ಘವಾಗಿ ಹೇಳುತ್ತಿದ್ದರು. ಗುಂಡಣ್ಣನಿಗೆ ಕೇಳಿಸಲಿಲ್ಲ, ಆ ಮುಖ ನೋಡುತ್ತ ನಿಂತ. ಇವತ್ತು ಎಲ್ಲ ಬಯಲಾಗುತ್ತದೆ. ಮನೋರಮಾ ಹೇಳುತ್ತಿದ್ದಾರೆ, ಹಿಡಿದಿಟ್ಟುಕೊಳ್ಳಿ, ಅವನ ಸಹಿ ನಂಬಬೇಡಿ ಅಂತ. ಹೆಡ್ ಕಾನ್‌ಸ್ಟೆಬಲ್ ಫೋನಿಟ್ಟು ಎದ್ದು, ತಾನೇ ಬಗ್ಗಿ ಚಪಾತಿಯ ಗಂಟು ಎತ್ತಿ ಅವನ ಕೈಗೆ ಕೊಟ್ಟ.

"ಮಾತಾಜೀ ಜೋರು ಮಾಡಿದರು. ಇಂಥ ನಂಬಿಕಸ್ಥ ಮನುಷ್ಯನನ್ನ ಯಾಕೆ ಕೂರಿಸಿಕೊಂಡಿದೀರಿ ಅಂತ."

ಗಂಟೆ ಐದಾಗಿತ್ತು. ಚಹಾ ಕುಡಿಸಿದರು, ತಪ್ಪು ತಿಳೀಬೇಡ ತಾಊ, ಕಾಲ ಹಾಗಿದೆ ಅಂದರು. ಕತ್ತಲಾಗುತ್ತದೆ, ಆ ರಸ್ತೆಯಲ್ಲಿ ಡಂಪರು ಲಾರಿಗಳು ಓಡುತ್ತವೆ ಅಂತ ಹೂಕೋಸಿನ ಟೆಂಪೋ ಒಂದನ್ನು ನಿಲ್ಲಿಸಿ, ಬೇಡ ಬೇಡ ಅನ್ನುತ್ತಿದ್ದ ಹಾಗೆಯೇ ಸೈಕಲ್ಲನ್ನು ಎತ್ತಿ ಮೇಲೆ ಹಾಕಿದರು. ಸುತ್ತು ಅಲ್ಲಿಗೆ ಮುರಿಯಿತು. ಹೂಕೋಸಿನ ಮೂಟೆಗಳ ನಡುವೆ ಕೂತ ಗುಂಡಣ್ಣನಿಗೆ ಅದರ ದುಃಖವೂ ಆಗಲಿಲ್ಲ. ನಂಬಿಕಸ್ಥ ಮನುಷ್ಯ. ಇದೇನು, ಕುಚೋದ್ಯವೇ? ಗೊತ್ತಿದ್ದವರು ಹೀಗೆ ಹೇಳಿಯಾರೇ? ಗೊತ್ತಿದ್ದೇ ಹೇಳಿದರೆ ಅದಕ್ಕಿಂತ ದೊಡ್ಡ ಏಟು ಯಾವುದು? ಗೊತ್ತಿಲ್ಲದಿದ್ದರೆ, ಅಂದುಕೊಂಡ, ಅಲ್ಲಿಂದ ಮುಂದೆ ಯೋಚನೆ ಹೋಗಲಿಲ್ಲ. ಬಯಲಿನಾಚೆ ಗುಡಗಾಂವಿನ ಕ್ರೇನುಗಳು, ಅರ್ಧ ಎದ್ದ ಕಟ್ಟಡಗಳು ಕಾಣಿಸಿದವು. ಇಳಿದುಬಿಟ್ಟು ಇಲ್ಲಿಂದಲೇ ಬೇರೆ ಕಡೆ ಹೋಗಬಹುದಿತ್ತು. ಆದರೆ ಆ ಹೆಂಗಸಿನ ಮಾತಿನ ಮೇಲೆ ಬಿಡುಗಡೆಯಾಗಿ ಬಂದವನು ಆ ಮನೆಯ ಬಾಗಿಲು ಬಿಟ್ಟು ಎಲ್ಲಿಗೆ ಹೋಗುವುದು.

ಆರೂವರೆಗೆ ಬಾಗಿಲು ತೆಗೆದವರು ಮನೋರಮಾ. ಸಣ್ಣಗಾಗಿದ್ದರು, ಕೂದಲು ಪೂರ್ತಿ ಬೆಳ್ಳಗೆ. ಬನ್ನಿ ಬನ್ನಿ ಗುಂಡಣ್ಣ, ಏನು ಜನಾರೀ ಇವರು, ನಿಮ್ಮನ್ನ ಹಿಡಿದು ಕೂರಿಸೋದು ಅಂದರೆ, ಅಂತ ನೀರು ಕೊಟ್ಟರು. ಒಳಗಿನ ಕೋಣೆಯಲ್ಲಿ ಮಗಳು ಧನ್ಯಾ ಮಕ್ಕಳ ನೋಟ್‌ಬುಕ್ಕು ತಿದ್ದುತ್ತಿದ್ದವಳು ಅಲ್ಲಿಂದಲೇ ನಮಸ್ತೆ ಅಂಕಲ್ ಅಂದಳು. ಗೋಡೆಯ ಮೇಲೆ ವೆಂಕಟಸುಬ್ಬಯ್ಯನವರ ಫೋಟೋ, ಕಣ್ಣಿನ ಹತ್ತಿರ ಏನನ್ನೋ ಹಿಡಿದು ನೋಡುತ್ತಿರುವವರ ಹಾಗೆ ಸ್ವಲ್ಪ ಮುಂದಕ್ಕೆ ಬಾಗಿದ ತಲೆ. ಎಲ್ಲಾ ದಾರಿ ಸೈಕಲ್ಲಿನಲ್ಲೇ ಬಂದಿರಾ ಅಂತ ಮನೋರಮಾ ಕೇಳಿದರು. ಇಲ್ಲ ತಾಯಿ, ಕಡೇ ಹದಿನೈದು ಮೈಲಿ ಟೆಂಪೋದಲ್ಲಿ ಬಂದೆ ಅಂದ. ಅಯ್ಯೋ ಅದನ್ನ ಯಾಕೆ ಹೇಳ್ತೀರಿ, ಯಾರು ನೋಡಿದಾರೆ, ಅಂತ ಅವರು ನಕ್ಕರು. ಆ ನಗು ನಿಲ್ಲುವ ಮೊದಲೇ ಗುಂಡಣ್ಣ ಹೇಳಿಬಿಟ್ಟ. ಆಟದ ಹುಡುಗರು, ಬೇವಿನ ಮರ, ಬೀಗ, ಮೆಟ್ಟಿಲು, ರೆಕ್ಕೆ, ಚುಕ್ಕಿ, ಟ್ರೇ. ಹೌದು ಸಾಬ್ ಅಂದದ್ದು. ಲೋಟದ ನೀರು ಕುಡಿಯದೆ ಕೈಯಲ್ಲೇ ಇತ್ತು. ಹೇಳುತ್ತ ಹೇಳುತ್ತ, ಇವರಿಗೆ ಇದೆಲ್ಲ ಮೊದಲೇ ಗೊತ್ತು, ನನ್ನ ಬಾಯಿಂದ ಬರಲಿ ಅಂತ ಕಾದಿದ್ದರು, ಮಹಂತೇಶ್ ಅದಕ್ಕೇ ಕಳಿಸಿದ್ದು ಅಂತ ಅವನಿಗೆ ಖಾತ್ರಿಯಾಗುತ್ತ ಹೋಯಿತು. ಹೇಳಿ ಮುಗಿಸಿ ಮುಖ ಎತ್ತಿ ನೋಡಿದ. ಆ ಮುಖಕ್ಕೆ ಏನೂ ಗೊತ್ತಿರಲಿಲ್ಲ.

ಯಾರಿಗೂ ಗೊತ್ತಿರಲಿಲ್ಲ. ಮಹಂತೇಶರಿಗೂ, ಆ ಸೆಕ್ಷನ್ನಿನ ಒಂದು ನರಪಿಳ್ಳೆಗೂ. ಇಪ್ಪತ್ತಾರು ವರ್ಷ ಪ್ರತಿ ಕೆಮ್ಮಿನಲ್ಲಿ, ಪ್ರತಿ ನಗುವಿನಲ್ಲಿ ತನ್ನ ಮೇಲಿನ ಅನುಮಾನವನ್ನು ಹುಡುಕಿದ್ದ. ಅದು ಒಂದು ದಿನವೂ ಅವನ ಕಡೆ ತಿರುಗಿರಲೇ ಇಲ್ಲ. ಅಷ್ಟೂ ಇನ್ನೊಬ್ಬರ ಪಾಲಿಗೆ ಹೋಗಿತ್ತು.

ಮನೋರಮಾ ಫೋಟೋ ಕಡೆ ನೋಡಲಿಲ್ಲ. ಸೀರೆಯ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು.

"ಒಂದು ವಾರ ಹೇಳ್ತಾನೇ ಇದ್ದರು, ನನ್ನ ಸಹಿ ಅಲ್ಲ ಅಂತ," ಅಂದರು. "ನಾನೇ ಬೈದೆ. ಗುಂಡಣ್ಣ ಸುಳ್ಳು ಹೇಳೋ ಮನುಷ್ಯ ಅಲ್ಲ, ನೀವೇ ಹಾಕಿ ಮರೆತಿದೀರಿ, ಒಪ್ಪಿಕೊಂಡು ಬರೆದುಕೊಡಿ ಅಂದೆ. ನನ್ನ ಮಾತು ಕೇಳಿ ಬರೆದುಕೊಟ್ಟರು."

ಗುಂಡಣ್ಣ ಕಾಲು ಹಿಡಿಯಲು ಬಗ್ಗಿದ. ಅವರು ಕಾಲು ಹಿಂದಕ್ಕೆಳೆದುಕೊಂಡರು. ಆಮೇಲೆ ನಮ್ಮ ಯಜಮಾನರಿಗೆ ತಮ್ಮ ತಲೆಯ ಮೇಲೇ ನಂಬಿಕೆ ಹೋಯಿತು, ಅಂದರು, ಬಹಳ ಸಣ್ಣ ದನಿಯಲ್ಲಿ. ಹಾಲು ತಂದೆನಾ, ಬಾಗಿಲು ಹಾಕಿದೆನಾ, ಪ್ರತಿಯೊಂದನ್ನೂ ಚೀಟಿಯಲ್ಲಿ ಬರೆದು ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ನನ್ನ ಸ್ನಾನ ಆಯಿತಾ ಅಂತ ಹೆಂಡತಿಯನ್ನೇ ಕೇಳುತ್ತಿದ್ದರಂತೆ. ಮಗಳು ಗೆಳತಿಯರನ್ನು ಮನೆಗೆ ಕರೆತರುತ್ತಿರಲಿಲ್ಲ. ಪಪ್ಪಾ ಮತ್ತೆ ಭೂಲ್ ಗಯೇ, ಮತ್ತೆ ಮರೆತರು, ಅಂತ ಅಣಕಿಸುತ್ತಿದ್ದಳು. ಅವಳು ಅಣಕಿಸುವಾಗ ಅವಳ ಜೊತೆ ಸೇರಿ ತಾವೂ ನಕ್ಕಿದ್ದುಂಟು ಅಂದರು. ಇಷ್ಟು ಹೇಳಿ ಮನೋರಮಾ ಎದ್ದರು. ಹೊರಗೆ ಹೋಗಿ ಅನ್ನುತ್ತಾರೆ ಅಂತ ಗುಂಡಣ್ಣನೂ ಎದ್ದು ನಿಂತ. ಹಾಗೆ ಅಂದಿದ್ದರೆ ಹೋಗಿಬಿಡುತ್ತಿದ್ದ. ಕತ್ತಲಲ್ಲಿ ಫರೀದಾಬಾದಿನ ತನಕ ತುಳಿಯುತ್ತಿದ್ದ, ಆ ಏಟು ಅವನಿಗೆ ಸಾಕಾಗುತ್ತಿತ್ತು. ಅವರು ಒಳಕೋಣೆಯ ಬಾಗಿಲಿಗೆ ಹೋಗಿ ಮಗಳನ್ನು ಕರೆದರು. ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಬಂದ ಧನ್ಯಾ, ಕ್ಯಾ ಹುವಾ ಅಮ್ಮಾ, ಯಾಕೆ ಹೀಗಿದೀಯ ಅಂತ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು.

"ನನಗೆ ಹೇಳಿದಿರಿ. ಇನ್ನು ಇವಳಿಗೆ ಹೇಳಿ," ಅಂದರು ಮನೋರಮಾ. "ಹಿಂದೀಲೇ ಹೇಳಿ. ಕನ್ನಡ ಇವಳಿಗೆ ಅರ್ಧಂಬರ್ಧ. ಇದು ಪೂರ್ತಿ ಅರ್ಥ ಆಗಬೇಕು."

ಹುಡುಗಿ ಅವನೆದುರು ಬೆತ್ತದ ಮೋಢಾ ಎಳೆದುಕೊಂಡು ಕೂತಳು. ಗುಂಡಣ್ಣ ಬಾಯಿ ತೆರೆದ. ಸಾಬ್ ಇದ್ದಾರಾ, ಕಾಗದ ತಂದಿದೀನಿ, ಇಲ್ಲಿ ಸಹಿ ಮಾಡಿ, ಇದರಾಚೆಗಿನ ಮಾತುಗಳೆಲ್ಲ ಎಲ್ಲಿದ್ದವೋ. ಬೇಗ ಹೇಳಿ ಮುಗಿಸುವ ದಾರಿಯೂ ಇರಲಿಲ್ಲ. ಒಂದೊಂದು ಮಾತನ್ನೂ ಹುಡುಕಿ, ತಪ್ಪಿ, ಅವಳು ಕ್ಯಾ ಅಂದಾಗ ಮತ್ತೆ ಮೊದಲಿನಿಂದ ಹೇಳಬೇಕು. ಮನೋರಮಾ ಬಾಗಿಲಿಗೆ ಒರಗಿ ನಿಂತಿದ್ದರು, ಎಷ್ಟು ಹೊತ್ತಾದರೂ ನಿಲ್ಲುವವರ ಹಾಗೆ. ಯಾವ ಕಡೆಯಿಂದ ಶುರುಮಾಡಬೇಕೆಂದು ತೋಚದೆ ಗುಂಡಣ್ಣ ಮೊದಲು ಅವಳ ಅಪ್ಪನ ಹೆಸರು ಹೇಳಿದ.